ಬಿದ್ದವನ ಚೀಟಿಯಲ್ಲಿ ವಿಷದ ಹೆಸರಿರಲಿ

ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಹೊಸದಲ್ಲ. ನಾಲ್ಕನೇ ಜ್ವರ ಎದ್ದು ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದ ಹುಳು ಒಂದು ಬೆಳಿಗ್ಗೆ ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಹಸಿರು ರಸ ಕಕ್ಕುತ್ತದೆ, ಮೈ ಮುದುಡಿಕೊಂಡು ತಟ್ಟೆಯಲ್ಲೇ ಸಾಯುತ್ತದೆ. ಕೂಡಲೇ ಮನೆಯವರು ಕೇಳುವುದು ಮೂರು ಪ್ರಶ್ನೆ. ಪಕ್ಕದ ಗದ್ದೆಗೆ ಯಾರು ಔಷಧಿ ಹೊಡೆದರು? ಯಾವ ಔಷಧಿ? ಯಾವ ದಿನ? ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂಬುದನ್ನೂ ಬಿಡುವುದಿಲ್ಲ. ನಮ್ಮ ಮೂಗೂರು ಹೋಬಳಿಯಲ್ಲಿ ಇಂಥ ಜಗಳ ಊರ ಕಟ್ಟೆಯವರೆಗೂ ಬಂದದ್ದನ್ನು ನಾನು ಕಂಡಿದ್ದೇನೆ.

ಅದೇ ಔಷಧಿ ಹೊಡೆದ ಮನುಷ್ಯ ಸಂಜೆ ಬದುವಿನ ಮೇಲೆ ಕುಸಿದು ಕೂತರೆ ಮಾತ್ರ ಈ ಮೂರು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಬಿಸಿಲು ಹೊಡೆಯಿತು, ಪಿತ್ತ ಕೆರಳಿತು, ಊಟ ಸೇರಲಿಲ್ಲ ಎಂದು ನಾವೇ ಒಂದು ಕಾರಣ ಹೇಳಿ ಮುಗಿಸುತ್ತೇವೆ. ಓದುಗ ಬಂಧುಗಳೇ, ಈ ವಾರ ಬೆಳೆಯ ಮಾತು ಬಿಟ್ಟು ಈ ಒಂದು ವಿಷಯ ಬರೆಯುತ್ತಿದ್ದೇನೆ. ಹೀಗೆ ಸುಳ್ಳು ಕಾರಣ ಹೇಳಿದವರಲ್ಲಿ ನಾನೂ ಒಬ್ಬ.

2019ರ ಅಕ್ಟೋಬರ್ ತಿಂಗಳು. ಕಬಿನಿ ನಾಲೆಯ ಕೆಳಗಿನ ನನ್ನ ಗದ್ದೆಯಲ್ಲಿ ಭತ್ತಕ್ಕೆ ಎಲೆ ಮಡಚುವ ಹುಳು ಬಿದ್ದಿತ್ತು. ವರ್ಷಗಳಿಂದ ನಮ್ಮ ಮನೆಗೆ ಕೆಲಸಕ್ಕೆ ಬರುವ ಒಬ್ಬರಿಗೆ ಮೊನೊಕ್ರೊಟೊಫಾಸ್ ತಂದುಕೊಟ್ಟು ಹೊಡೆಯಲು ಹೇಳಿದೆ. ಬೆನ್ನಿಗೆ ಕಟ್ಟುವ ಪಂಪು ಹಳೆಯದು, ವಾಷರು ಸವೆದು ಸೋರುತ್ತಿತ್ತು. ಹತ್ತು ಪಂಪು ಮುಗಿಯುವ ಹೊತ್ತಿಗೆ ಆತನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬೆವರು ಎಂದುಕೊಂಡೆವು. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಬಾಯಲ್ಲಿ ಜೊಲ್ಲು, ಎರಡು ಸಲ ವಾಂತಿ. ಆಟೋದಲ್ಲಿ ಕೂರಿಸಿಕೊಂಡು ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಏನಾಯಿತು ಎಂದು ಅಲ್ಲಿ ಕೇಳಿದರು. “ಬಿಸಿಲು ಹೊಡೆದಿದೆ ಸ್ವಾಮಿ, ಬೆಳಿಗ್ಗೆಯಿಂದ ಊಟ ಮಾಡಿಲ್ಲ” ಎಂದೆ.

ಏಕೆ ಹಾಗೆಂದೆ? ವಿಷ ಎಂದರೆ ಪೊಲೀಸರು ಬರುತ್ತಾರೆ ಎಂಬ ಭಯ ಒಂದು. ಕುಡಿದನೇನೋ ಎಂದು ಊರಿನವರು ಆತನ ಬಗ್ಗೆ ಆಡಿಕೊಂಡಾರು ಎಂಬುದು ಇನ್ನೊಂದು. ಮೂರನೆಯದನ್ನೂ ಮುಚ್ಚಿಡುವುದಿಲ್ಲ: ಗದ್ದೆ ನನ್ನದು, ಪಂಪು ನನ್ನದು, ಡಬ್ಬಿ ತಂದವನು ನಾನು. ಚೀಟಿಯಲ್ಲಿ ಬಿಸಿಲ ಝಳ, ವಾಂತಿ, ಸುಸ್ತು ಎಂದು ಬರೆದರು. ಗ್ಲೂಕೋಸು ಹಾಕಿದರು, ಮಾರನೆಯ ಸಂಜೆ ಮನೆಗೆ ಕಳಿಸಿದರು. ಮೂರನೆಯ ಬೆಳಿಗ್ಗೆ ಆತನಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಮಾತು ಮೂಗಿನಲ್ಲಿ ಬರುತ್ತಿತ್ತು, ಉಸಿರು ಮೇಲೆ ಮೇಲೆ ಎಳೆಯುತ್ತಿತ್ತು. 108 ಕರೆಸಿ ಮೈಸೂರಿಗೆ ಸಾಗಿಸಿದೆವು. ಉಸಿರಾಟದ ಯಂತ್ರ ಹಾಕಿದ ಮೇಲೆ ನಾನು ನಿಜ ಹೇಳಿದೆ. ಹದಿನಾಲ್ಕು ದಿನ ಅಲ್ಲಿದ್ದು ಆತ ಬದುಕಿ ಬಂದರು. ಮುಂದಿನ ಕಥೆಯನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ನಾವು ‘ಔಷಧಿ’ ಎಂದು ಕರೆಯುವ ಈ ವಸ್ತು ಏನೆಂಬುದು ತಿಳಿಯಬೇಕು.

1936ರಲ್ಲಿ ಜರ್ಮನಿಯ ಲೆವರ್‌ಕುಸನ್ ಎಂಬಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ತಜ್ಞ ಬೆಳೆಯ ಕೀಟಗಳಿಗೆ ಹೊಸ ವಿಷ ಹುಡುಕುತ್ತಿದ್ದ. ರಂಜಕವನ್ನು ಮೂಲವಾಗಿಟ್ಟುಕೊಂಡು ಒಂದಾದ ಮೇಲೊಂದು ವಸ್ತು ತಯಾರಿಸುತ್ತಿದ್ದಾಗ ಟಾಬುನ್ ಎಂಬುದು ಸಿಕ್ಕಿತು. ಅದು ಕೀಟಕ್ಕಿಂತ ಹೆಚ್ಚಾಗಿ ಮನುಷ್ಯನಿಗೇ ಮಾರಕವೆಂದು ತಿಳಿದಾಗ ಜರ್ಮನಿಯ ಸೈನ್ಯ ಅದನ್ನು ಕೈಗೆ ತೆಗೆದುಕೊಂಡಿತು. ಎರಡು ವರ್ಷದಲ್ಲಿ ಅದರ ಬೆನ್ನಿಗೇ ಸಾರಿನ್ ಬಂತು. ಯುದ್ಧದಲ್ಲಿ ಬಳಸುವ ನರವಿಷಗಳು ಹುಟ್ಟಿದ್ದು ಹೀಗೆ, ಹೊಲದ ಕೀಟವನ್ನು ಹುಡುಕಿಕೊಂಡು ಹೋದ ದಾರಿಯಲ್ಲಿ. ಅದೇ ಶ್ರಾಡರ್ ಮುಂದೆ ಪ್ಯಾರಾಥಿಯಾನ್ ಕಂಡುಹಿಡಿದ. ‘ಫಾಲಿಡಾಲ್’ ಎಂದರೆ ನಮ್ಮ ಹಿರಿಯರಿಗೆ ಗುರುತು ಸಿಗುತ್ತದೆ. ಮೊನೊಕ್ರೊಟೊಫಾಸ್, ಕ್ಲೋರೊಪೈರಿಫಾಸ್, ಹಿಪ್ಪುನೇರಳೆ ತೋಟಕ್ಕೆ ಒಂದು ಕಾಲದಲ್ಲಿ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್ ಎಲ್ಲವೂ ಈ ರಂಜಕದ ಕುಲದವೇ. ಸಾರಿನ್ ಒಂದು ಹನಿಯಲ್ಲಿ ಮಾಡುವ ಕೆಲಸವನ್ನು ಇವು ಹೆಚ್ಚು ಪ್ರಮಾಣದಲ್ಲಿ, ನಿಧಾನವಾಗಿ ಮಾಡುತ್ತವೆ. ಮೈಯೊಳಗೆ ನಡೆಯುವುದು ಮಾತ್ರ ಒಂದೇ.

ಅದು ಹೇಗೆಂದು ನಾಲೆಯ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ನರಗಳು ತೂಬು ಎತ್ತಿ ನೀರು ಬಿಟ್ಟಂತೆ ಒಂದು ರಸವನ್ನು ಬಿಡುತ್ತವೆ. ಅದು ತಲುಪಿದ ಕಡೆ ಸ್ನಾಯು ಆಡುತ್ತದೆ, ಜೊಲ್ಲು ಸುರಿಯುತ್ತದೆ, ಕರುಳು ಕದಲುತ್ತದೆ. ಕೆಲಸ ಮುಗಿದೊಡನೆ ತೂಬು ಮುಚ್ಚಲು ಒಬ್ಬ ನೀರುಗಂಟಿ ಇದ್ದಾನೆ. ವೈದ್ಯರು ಅವನನ್ನು ಕೋಲಿನೆಸ್ಟರೇಸ್ ಎನ್ನುತ್ತಾರೆ. ಈ ವಿಷ ಆ ನೀರುಗಂಟಿಯ ಕೈ ಕಟ್ಟಿಹಾಕುತ್ತದೆ. ಇನ್ನು ತೂಬು ಮುಚ್ಚುವವರಿಲ್ಲ. ಕಣ್ಣೀರು, ಜೊಲ್ಲು, ಬೆವರು, ವಾಂತಿ, ಭೇದಿ ಎಲ್ಲವೂ ಒಟ್ಟಿಗೆ ಬರುತ್ತವೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ಮಾಂಸಖಂಡಗಳು ಚರ್ಮದ ಕೆಳಗೆ ಅದುರುತ್ತವೆ. ಕೊನೆಗೆ ಎದೆಯೊಳಗೆ ನೀರು ತುಂಬಿ, ಉಸಿರೆಳೆಯುವ ಸ್ನಾಯು ಸೋತು, ಮನುಷ್ಯ ಗದ್ದೆಯ ಬದುವಿನ ಮೇಲೆಯೇ ಮುಳುಗಿ ಸಾಯುತ್ತಾನೆ.

ಇದಕ್ಕೆ ಮದ್ದಿದೆ, ಹಳೆಯದು, ದುಬಾರಿಯದಲ್ಲ. ಆಟ್ರೊಪಿನ್ ಎಂಬ ಚುಚ್ಚುಮದ್ದು ಗದ್ದೆಗೆ ನುಗ್ಗಿದ ನೀರನ್ನು ತಡೆಯುತ್ತದೆ. ಎದೆ ಒಣಗುವವರೆಗೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ, ಒಂದೆರಡು ಚುಚ್ಚಿ ಬಿಟ್ಟರೆ ಸಾಲದು. (ಉಮ್ಮತ್ತಿ ಗಿಡದಲ್ಲೂ ಇದೇ ಸತ್ವವಿದೆ. ಹಾಗೆಂದು ಉಮ್ಮತ್ತಿ ಅರೆದು ಕುಡಿಸಿ ಇನ್ನೊಂದು ಹೆಣ ಬೀಳಿಸಬೇಡಿ.) ಪ್ರಾಲಿಡಾಕ್ಸಿಮ್, ಅಂದರೆ ಆಸ್ಪತ್ರೆಗಳಲ್ಲಿ ‘ಪ್ಯಾಮ್’ ಎನ್ನುವ ಇನ್ನೊಂದು ಮದ್ದು ನೀರುಗಂಟಿಯ ಕೈಗೆ ಕಟ್ಟಿದ ಗಂಟನ್ನೇ ಬಿಚ್ಚಲು ನೋಡುತ್ತದೆ. ಅದು ಎಷ್ಟರ ಮಟ್ಟಿಗೆ ಉಪಯೋಗ ಎಂಬ ಬಗ್ಗೆ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. ಆದರೆ ಹೊತ್ತಾದಷ್ಟೂ ಗಂಟು ಬಿಗಿಯಾಗುತ್ತದೆ, ಆಮೇಲೆ ಬಿಚ್ಚುವಂತಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ನರವಿಷದ ಭಯವಿರುವ ಯುದ್ಧಭೂಮಿಗೆ ಹೋಗುವ ಸೈನಿಕನ ಜೇಬಿನಲ್ಲಿ ಈ ಎರಡೂ ಮದ್ದು ತುಂಬಿದ, ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಕೊಳವೆ ಇರುತ್ತದೆ. ನಮ್ಮ ಬದುವಿನ ಮೇಲೆ ಒಂದು ಸೋಪಿನ ತುಂಡೂ ಇರುವುದಿಲ್ಲ.

ನಮ್ಮ ಆಳು ಮೂರನೆಯ ದಿನ ತಲೆ ಎತ್ತದೆ ಹೋದರಲ್ಲ, ಅದಕ್ಕೂ ಹೆಸರಿದೆ. ಶ್ರೀಲಂಕಾದ ವೈದ್ಯರು 1987ರಲ್ಲಿ ಅದನ್ನು ವಿವರಿಸಿ ಬರೆದರು. ವಿಷ ಏರಿದ ಒಂದರಿಂದ ನಾಲ್ಕು ದಿನದೊಳಗೆ, ರೋಗಿ ಚೇತರಿಸಿಕೊಂಡ ಎನ್ನುವ ಹೊತ್ತಿನಲ್ಲೇ, ಕುತ್ತಿಗೆಯ ಮತ್ತು ಉಸಿರಿನ ಸ್ನಾಯುಗಳು ಸೋಲುತ್ತವೆ. ಮೊದಲ ದಿನವೇ ಕಾರಣ ಗೊತ್ತಿರುವ ವೈದ್ಯರು ಈ ಮೂರು ನಾಲ್ಕು ದಿನ ರೋಗಿಯನ್ನು ಮನೆಗೆ ಬಿಡುವುದಿಲ್ಲ. ಬಿಸಿಲ ಝಳ ಎಂದು ತಿಳಿದವರು ಬಿಡುತ್ತಾರೆ. ಅವರದು ತಪ್ಪೆಂದು ನಾನು ಹೇಗೆ ಹೇಳಲಿ? ಪಾಪೆ ನೋಡಬೇಕಿತ್ತು ಎನ್ನಬಹುದು. ಆದರೆ ಸುಳ್ಳು ಹೇಳಿದ್ದು ನನ್ನ ಬಾಯಿ.

ಹೆಸರು ತಿಳಿಯುವುದರ ಬೆಲೆ ಎಷ್ಟೆಂಬುದಕ್ಕೆ ದೂರದ್ದೊಂದು, ಹತ್ತಿರದ್ದೊಂದು ಸಂಗತಿ ಹೇಳುತ್ತೇನೆ. 1995ರ ಮಾರ್ಚ್ 20ರ ಬೆಳಿಗ್ಗೆ ಜಪಾನಿನ ಟೋಕಿಯೊ ನಗರದ ಸುರಂಗ ರೈಲುಗಳಲ್ಲಿ ಒಂದು ಪಂಥದವರು ಸಾರಿನ್ ಬಿಟ್ಟರು. ಐದು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ನುಗ್ಗಿದರು. ಮೊದಲು ಬಂದ ಸುದ್ದಿ ಬೇರೆ ಯಾವುದೋ ರಾಸಾಯನಿಕದ ಹೆಸರು ಹೇಳಿತ್ತು. ಹಿಂದಿನ ವರ್ಷ ಮಾತ್ಸುಮೊಟೊ ಎಂಬ ಊರಿನಲ್ಲಿ ಇದೇ ವಿಷದ ರೋಗಿಗಳನ್ನು ನೋಡಿ ಬರೆದಿಟ್ಟುಕೊಂಡಿದ್ದ ವೈದ್ಯರು ಟೋಕಿಯೊಗೆ ಫೋನು ಮಾಡಿ, ಈ ಲಕ್ಷಣ ನಾವು ಕಂಡದ್ದೇ ಎಂದು ತಿಳಿಸಿದರು. ಅಲ್ಲಿನವರು ಆಟ್ರೊಪಿನ್ ಹಿಡಿಯಲು ಇದು ದಾರಿ ತೋರಿತು. ಇನ್ನೊಂದು ಪಾಠವನ್ನೂ ಟೋಕಿಯೊ ಕಲಿಸಿತು. ರೋಗಿಗಳ ಬಟ್ಟೆ ಕಳಚದೆ ಒಳಗೆ ತಂದದ್ದರಿಂದ ಆರೈಕೆ ಮಾಡಿದ ದಾದಿಯರಿಗೂ ವೈದ್ಯರಿಗೂ ಕಣ್ಣು ಮಂಜಾಯಿತು, ತಲೆ ಸಿಡಿಯಿತು.

ಹತ್ತಿರದ್ದು ನಿಮಗೆಲ್ಲ ಗೊತ್ತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಬಿದ್ದರು. ಹದಿನೈದಕ್ಕೂ ಹೆಚ್ಚು ಜೀವ ಹೋಯಿತು. ಕೊಳ್ಳೇಗಾಲದಿಂದ ಮೈಸೂರಿನವರೆಗೆ ಆಸ್ಪತ್ರೆ ಆಸ್ಪತ್ರೆಗೆ ರೋಗಿಗಳನ್ನು ಹಂಚಬೇಕಾಯಿತು. ಯಂತ್ರಗಳು ಸಾಲದಾದವು. ಅನ್ನದಲ್ಲಿ ಬೆರೆತದ್ದು ಮೊನೊಕ್ರೊಟೊಫಾಸ್ ಎಂದು ತನಿಖೆ ಹೇಳಿತು. ನಾನು ಮಾರನೆಯ ವರ್ಷ ಅಂಗಡಿಯಿಂದ ತಂದದ್ದೂ ಅದನ್ನೇ. ಸುಳವಾಡಿಯ ಸುದ್ದಿಯನ್ನು ಇದೇ ವಾಚನಾಲಯದ ಬೆಂಚಿನ ಮೇಲೆ ಕೂತು ಓದಿ ಅಯ್ಯೋ ಎಂದವನು ನಾನು. ಡಬ್ಬಿ ಕೊಳ್ಳುವಾಗ ಆ ಹೆಸರು ನೆನಪಿಗೆ ಬರಲಿಲ್ಲ. ಡಬ್ಬಿಯ ಮೇಲೆ ಕಂಪನಿ ಇಟ್ಟ ಹೆಸರು ಹೆಬ್ಬೆರಳಿನಷ್ಟು, ಒಳಗಿರುವ ವಿಷದ ಹೆಸರು ಎಳ್ಳಿನಷ್ಟು. 2023ರಲ್ಲಿ ಕೇಂದ್ರ ಸರ್ಕಾರ ಮೊನೊಕ್ರೊಟೊಫಾಸ್ 36 ಎಸ್‌ಎಲ್ ನಿಷೇಧಿಸಿ ಆದೇಶ ಹೊರಡಿಸಿತು. ಡೈಕ್ಲೋರ್‌ವಾಸ್, ಫೋರೇಟ್ ಮುಂತಾದವನ್ನು 2018ರ ಆದೇಶದಂತೆ 2020ರ ಕೊನೆಗೇ ನಿಲ್ಲಿಸಲಾಗಿದೆ. ಆದರೂ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಡಬ್ಬಿಗಳು ಇಲ್ಲವೆಂದು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಹೆಸರು ಬೇಕಾಗುವುದು ಇನ್ನೊಂದು ಕಾರಣಕ್ಕೆ. ಎಲ್ಲ ವಿಷಕ್ಕೂ ಮದ್ದು ಒಂದೇ ಅಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಮೈಸೇರಿದರೆ ಪ್ರತಿವಿಷವೇ ಇಲ್ಲ. ಅಲ್ಲಿ ಆಮ್ಲಜನಕ ಕೊಡುವುದರಲ್ಲೂ ಕೈ ಹಿಡಿತವಿರಬೇಕು, ಹೆಚ್ಚಾದರೆ ಶ್ವಾಸಕೋಶವೇ ಸುಡುತ್ತದೆ. ಮೊನೊಕ್ರೊಟೊಫಾಸ್ ರೋಗಿಗಾದರೋ ಆಮ್ಲಜನಕವೇ ಜೀವ. ಎರಡೂ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ಹೇಳುವ ಮಾತು ಒಂದೇ: “ಔಷಧಿ ಹೊಡೀತಿದ್ದ.” ಅದನ್ನು ಕೇಳಿದವರು ‘ಔಷಧಿ ಕುಡಿದ’ ಎಂದು ತಿಳಿದರೂ ಆಶ್ಚರ್ಯವಿಲ್ಲ. ವಿಷವನ್ನು ಔಷಧಿ ಎಂದು ಕರೆಯುವ ಅಭ್ಯಾಸವನ್ನು ಬಿಟ್ಟರೆ ಒಳಿತು. ಆದರೆ ನಮ್ಮ ನಾಲಿಗೆ ಅಷ್ಟು ಬೇಗ ತಿರುಗದು, ನಾನೂ ಈ ಬರಹದಲ್ಲೇ ಎಷ್ಟು ಸಲ ಹಾಗೆ ಬರೆದೆ ನೋಡಿ.

ಈಗ ಆಸ್ಪತ್ರೆಯ ಕಾಗದದ ವಿಷಯಕ್ಕೆ ಬರೋಣ. ಇದು ಓದಲು ಸ್ವಲ್ಪ ಒಣ ವಿಷಯ, ಆದರೆ ದುಡ್ಡು, ಮಾನ, ಕಾನೂನು ಎಲ್ಲವೂ ನಿಂತಿರುವುದು ಇದರ ಮೇಲೆ.

ನಮ್ಮ ಪಹಣಿಯಲ್ಲಿ ಬೆಳೆಯ ಕಾಲಂ ಇದೆಯಲ್ಲ, ಅದರಂತೆ ವಿಶ್ವ ಆರೋಗ್ಯ ಸಂಸ್ಥೆಯವರು ಲೋಕದ ಎಲ್ಲ ರೋಗಕ್ಕೂ ಗಾಯಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ವೈದ್ಯರು ಬರೆದದ್ದನ್ನು ನೋಡಿ ಆಸ್ಪತ್ರೆಯ ದಾಖಲಾತಿ ವಿಭಾಗದವರು ಆ ಸಂಖ್ಯೆ ಹಾಕುತ್ತಾರೆ. ನಮ್ಮಲ್ಲಿ ಬಳಸುತ್ತ ಬಂದಿರುವ ಹತ್ತನೆಯ ಪರಿಷ್ಕರಣೆಯಲ್ಲಿ ಯುದ್ಧದ ರಾಸಾಯನಿಕ ಅಸ್ತ್ರದಿಂದ ಗಾಯಗೊಂಡವನಿಗೆ ‘ವೈ 36.7’ ಎಂದು ಪ್ರತ್ಯೇಕ ಮನೆಯೇ ಇದೆ. ಶತ್ರು ಬಿಟ್ಟ ವಿಷ ಎಂದ ಮೇಲೆ ಕಾರಣದ ಬಗ್ಗೆ ಅನುಮಾನವಿಲ್ಲ. ರಂಜಕ ಕುಲದ ಕೀಟನಾಶಕದ ವಿಷಕ್ಕೆ ‘ಟಿ 60.0’. ಆದರೆ ಇಷ್ಟಕ್ಕೆ ಮುಗಿಯದು, ಅದು ಮೈಸೇರಿದ್ದು ಹೇಗೆ ಎಂಬುದಕ್ಕೆ ಇನ್ನೊಂದು ಸಂಖ್ಯೆ ಸೇರಿಸಬೇಕು. ಆಕಸ್ಮಿಕವಾದರೆ ‘ಎಕ್ಸ್ 48’. ತಾನಾಗಿ ತೆಗೆದುಕೊಂಡದ್ದಾದರೆ ‘ಎಕ್ಸ್ 68’. ಯಾವುದೆಂದು ಗೊತ್ತಿಲ್ಲದಿದ್ದರೆ ‘ವೈ 18’.

ವಿಷ ಒಂದೇ, ಆಟ್ರೊಪಿನ್ ಒಂದೇ. ಆದರೆ ಈ ಮೂರು ಮನೆಗಳಲ್ಲಿ ಯಾವುದಕ್ಕೆ ನಿಮ್ಮ ಮಗ ಸೇರುತ್ತಾನೆ ಎಂಬುದು ವೈದ್ಯರು ಕೇಸು ಶೀಟಿನಲ್ಲಿ ಬರೆದ ಒಂದು ಸಾಲಿನ ಮೇಲೆ ನಿಂತಿದೆ. ಆ ಸಾಲು ನಿಂತಿರುವುದು ನೀವು ಹೇಳಿದ ಮಾತಿನ ಮೇಲೆ. ‘ಕೀಟನಾಶಕ ವಿಷ’ ಎಂದಷ್ಟೇ ಬರೆದರೆ ದಾಖಲಾತಿಯವರೇನು ಮಾಡಬೇಕು? ಊಹಿಸಬೇಕು ಅಥವಾ ಗೊತ್ತಿಲ್ಲದವರ ಮನೆಗೆ ಹಾಕಬೇಕು. ಪಹಣಿಯಲ್ಲಿ ರಾಗಿ ಎಂದು ಬರೆದಿದ್ದರೆ ಮುಳುಗಿದ ಭತ್ತಕ್ಕೆ ಪರಿಹಾರ ಕೊಡಿ ಎಂದು ಎಷ್ಟು ಕೂಗಿದರೂ ಬರುವುದಿಲ್ಲ, ಅಲ್ಲವೇ? ಇದೂ ಹಾಗೆಯೇ.

ನಮ್ಮ ಆಳಿನ ಕಥೆಗೆ ಹಿಂತಿರುಗುತ್ತೇನೆ. ಆತ ವರ್ಷ ವರ್ಷ ಕಂತು ಕಟ್ಟುತ್ತಿದ್ದ ಒಂದು ಅಪಘಾತ ವಿಮೆ ಇತ್ತು. ಎರಡೂ ಆಸ್ಪತ್ರೆಯ ಚೀಟಿಗಳನ್ನು ಜೋಡಿಸಿ ಅರ್ಜಿ ಹಾಕಿದೆವು. ಮೊದಲನೆಯ ಚೀಟಿಯಲ್ಲಿ ಬಿಸಿಲ ಝಳ ಎಂದಿದೆ. ಎರಡನೆಯದರಲ್ಲಿ ಕೀಟನಾಶಕದ ವಿಷ ಎಂದಿದೆ, ಸಿಂಪರಣೆಯ ಮಾತಿಲ್ಲ. ನಡುವೆ ಆತ ಮನೆಯಲ್ಲಿದ್ದದ್ದು ಒಂದೂವರೆ ದಿನ. ಕಚೇರಿಯಲ್ಲಿ ಕಾಗದ ನೋಡಿದವರಿಗೆ ಏನು ತೋಚಬೇಕು? ಬಿಸಿಲಿಗೆ ಸುಸ್ತಾಗಿ ಬಂದವನು ಮನೆಗೆ ಹೋಗಿ ವಿಷ ಕುಡಿದ ಎಂದೇ ತೋಚಿತು. ಅರ್ಜಿ ವಾಪಸು ಬಂತು. ದುಡ್ಡಿನ ಮಾತು ಹಾಗಿರಲಿ, ಆತನ ಮನೆಯಾಕೆಗೆ ಅಲ್ಲೊಬ್ಬರು ಕೇಳಿದ ಪ್ರಶ್ನೆ ಏನು ಗೊತ್ತೇ? “ಮನೆಯಲ್ಲಿ ಏನಾದರೂ ಜಗಳವಾಗಿತ್ತೇನಮ್ಮ?” ಆ ಹೆಣ್ಣುಮಗಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಕಾಗದವಿಲ್ಲದೆ ಹೋದವರ ಗತಿ ದೊಡ್ಡ ದುರಂತಗಳಲ್ಲೂ ಇದೇ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಹೊರಬಿದ್ದ ಅನಿಲ ಒಂದು ಕೀಟನಾಶಕ ಕಾರ್ಖಾನೆಯದು. 1989ರಲ್ಲಿ ಕಂಪನಿಯೊಡನೆ 47 ಕೋಟಿ ಡಾಲರಿಗೆ ರಾಜಿಯಾಯಿತು. ಹಂಚುವಾಗ ಪ್ರತಿಯೊಬ್ಬರನ್ನೂ ವೈದ್ಯಕೀಯ ಕಾಗದ ನೋಡಿ ವರ್ಗ ವರ್ಗವಾಗಿ ವಿಂಗಡಿಸಿದರು. ಬಹುಪಾಲು ಜನ ತಾತ್ಕಾಲಿಕ ಗಾಯದವರೆಂದು ಎಣಿಕೆಯಾಗಿ ಮೊದಲ ಕಂತಿನಲ್ಲಿ ಪಡೆದದ್ದು 25,000 ರೂಪಾಯಿ. ಉಸಿರು ಕಟ್ಟಿಕೊಂಡು ಜೀವನ ತೆಗೆದವರೂ ಅವರಲ್ಲಿದ್ದರು. ಕಾಸರಗೋಡಿನ ಗೇರು ತೋಟಗಳ ಮೇಲೆ ಮತ್ತು ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಬೇರೆ ಕುಲದ ವಿಷ, 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ಕೋರ್ಟು ಹೇಳಿತು. ಅಲ್ಲಿಯೂ ಇಲ್ಲಿಯೂ ಹಣ ಬಂದದ್ದು ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪಟ್ಟಿಗೆ ಸೇರಲು ತಾಯಂದಿರು ವೈದ್ಯಕೀಯ ಶಿಬಿರದಿಂದ ಶಿಬಿರಕ್ಕೆ ಮಕ್ಕಳನ್ನು ಹೊತ್ತು ತಿರುಗಿದರು.

ಒಬ್ಬೊಬ್ಬನೇ ಬೀಳುವ ಸಿಂಪರಣೆಯ ಕೂಲಿಗಾರನಿಗೆ ಶಿಬಿರವೂ ಇಲ್ಲ, ಪಟ್ಟಿಯೂ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪರಣೆ ಮಾಡುತ್ತಿದ್ದ ಇಪ್ಪತ್ತರಷ್ಟು ಮಂದಿ ಒಂದೇ ಹಂಗಾಮಿನಲ್ಲಿ ಸತ್ತು, ನೂರಾರು ಜನ ಆಸ್ಪತ್ರೆ ತುಂಬಿದಾಗ ದೇಶಕ್ಕೆ ಎಚ್ಚರವಾಯಿತು. ನಂಜನಗೂಡು, ಹೆಗ್ಗಡದೇವನಕೋಟೆಯ ಕಡೆ ಹತ್ತಿ ಹಾಕುವವರೂ ಅದೇ ರೀತಿ, ಎದೆ ಮಟ್ಟದ ಗಿಡದ ನಡುವೆ ನಡೆಯುತ್ತ ಸಿಂಪಡಿಸುತ್ತಾರೆ. ಅಲ್ಲಿ ಹಂಗಾಮಿಗೆ ಎಷ್ಟು ಜನ ಆಸ್ಪತ್ರೆ ಸೇರುತ್ತಾರೆ ಎಂದು ಕೇಳಿದರೆ ಹೇಳುವವರು ಯಾರು? ನನ್ನಂಥವರು ಬಿಸಿಲ ಝಳ ಎಂದು ಬರೆಸಿದ್ದೆಲ್ಲ ಲೆಕ್ಕಕ್ಕೆ ಬರುವುದು ಹೇಗೆ?

ಕಾನೂನು ಇಲ್ಲವೇ ಎಂದರೆ ಇದೆ. 1958ರಲ್ಲಿ ಹಡಗಿನಲ್ಲಿ ಹಿಟ್ಟಿನ ಮೂಟೆಗಳ ಜೊತೆ ಬಂದ ಫಾಲಿಡಾಲ್ ಸೋರಿ, ಆ ಹಿಟ್ಟು ತಿಂದ ನೂರಕ್ಕೂ ಹೆಚ್ಚು ಜನ ಕೇರಳ, ಮದ್ರಾಸು ಕಡೆ ಸತ್ತ ಮೇಲೆ ವಿಚಾರಣೆ ನಡೆದು, ಕೊನೆಗೆ 1968ರ ಕೀಟನಾಶಕ ಕಾಯಿದೆ ಬಂತು. ಅದರ 26ನೆಯ ಕಲಂ ಓದಿ ನೋಡಿ. ಕೀಟನಾಶಕ ಬಳಸುವಾಗ, ಮುಟ್ಟುವಾಗ ಆದ ವಿಷಪ್ರಾಶನದ ಪ್ರಕರಣಗಳನ್ನು ವರದಿ ಮಾಡಬೇಕೆಂದು ಯಾರಿಗೆ ಬೇಕಾದರೂ ಸರ್ಕಾರ ಅಧಿಸೂಚನೆಯ ಮೂಲಕ ವಿಧಿಸಬಹುದು. ನನ್ನ ಅಭಿಪ್ರಾಯದಲ್ಲಿ ನಮ್ಮ ರಾಜ್ಯ ಸರ್ಕಾರ ಈ ಕಲಮನ್ನು ನರ್ಸಿಂಗ್ ಹೋಮು ಸೇರಿ ಪ್ರತಿಯೊಂದು ಆಸ್ಪತ್ರೆಗೂ ಬಿಗಿಯಾಗಿ ಅನ್ವಯಿಸಬೇಕು. ವರದಿ ತಾಲ್ಲೂಕಿನ ಕೃಷಿ ಅಧಿಕಾರಿಗೂ ಹೋಗಬೇಕು. ಯಾವ ಡಬ್ಬಿ ಯಾವ ಊರಿನಲ್ಲಿ ಎಷ್ಟು ಜನರನ್ನು ಕೆಡವಿತು ಎಂಬ ಲೆಕ್ಕ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಮಳೆಯ ಲೆಕ್ಕ ಬರೆದ ಹಾಗೆ, ಬರೆದಿರಬೇಕು. ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂದು ತಿಳಿಯುವ ನಮಗೆ ಎಷ್ಟು ಮನುಷ್ಯರು ಬಿದ್ದರೆಂದು ತಿಳಿಯುವುದು ಬೇಡವೇ?

ಸರ್ಕಾರ ಮಾಡಲಿ, ಬಿಡಲಿ, ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ. ಸಿಂಪರಣೆ ಮಾಡುತ್ತಿದ್ದವರಿಗೆ ತಲೆನೋವು, ಜೊಲ್ಲು, ಕಣ್ಣು ಮಂಜು ಏನೇ ಕಂಡರೂ ಮೊದಲು ಆ ಜಾಗದಿಂದ ದೂರ ತಂದು ಬಟ್ಟೆ ಪೂರ್ತಿ ಕಳಚಿ. ನಾಚಿಕೆಗೆ ಅದು ಹೊತ್ತಲ್ಲ. ಕೂದಲು, ಉಗುರು, ಕಂಕುಳು ಬಿಡದೆ ಸೋಪು ಹಾಕಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಹುಣಸೆ ನೀರು, ಸೋಪಿನ ನೀರು, ಉಪ್ಪುನೀರು, ಅದಕ್ಕಿಂತ ಹೊಲಸಾದದ್ದು ಯಾವುದನ್ನೂ ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ಡಬ್ಬಿಯನ್ನು ಚೀಲದಲ್ಲಿ ಬಿಗಿದು ಜೊತೆಗೆ ಒಯ್ಯಿರಿ. ಸೋರುತ್ತಿದ್ದರೆ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಲೇಬಲ್ಲಿನಲ್ಲಿ ವಿಷದ ಹೆಸರಿರುತ್ತದೆ, ಎಷ್ಟು ಘೋರವೆಂದು ತಿಳಿಸುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವಿರುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ವಿಷ ಮಾಹಿತಿ ಕೇಂದ್ರವೊಂದಿದೆ, ಉಚಿತ ಸಂಖ್ಯೆ 1800 116 117. ನಿಮ್ಮ ವೈದ್ಯರಿಗೆ ಬೇಕಾದರೆ ತಿಳಿಸಿ.

ಆಸ್ಪತ್ರೆಯಲ್ಲಿ ನಿಜ ಹೇಳಿ. ಪೊಲೀಸರ ಭಯ ನನಗಿದ್ದಂತೆ ನಿಮಗೂ ಇದ್ದೀತು. ವಿಷದ ಪ್ರಕರಣವನ್ನು ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ, ನಿಜ. ಅದು ಯಾರ ಮೇಲೂ ಹೂಡಿದ ಮೊಕದ್ದಮೆಯಲ್ಲ. ಪೊಲೀಸು ಕಾಗದ ಬರುವವರೆಗೆ ಚಿಕಿತ್ಸೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಬಿದ್ದವರು ನಿಜವಾಗಿಯೂ ಮನಸ್ಸು ಕೆಟ್ಟು ತಾವೇ ಕುಡಿದಿದ್ದರೂ ಸುಳ್ಳು ಹೇಳುವ ಕಾರಣವಿಲ್ಲ. ಅಂಥವರನ್ನು ಶಿಕ್ಷಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಅವರಿಗೆ ಬೇಕಾದದ್ದು ಆರೈಕೆ ಮತ್ತು ಮಾತನಾಡಿಸುವವರು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಬಿಡುಗಡೆಯ ದಿನ ಚೀಟಿ ಕೈಗೆ ಬಂದೊಡನೆ ಜೇಬಿಗೆ ತುರುಕಬೇಡಿ. ಓದಿಸಿ ನೋಡಿ. ವಿಷದ ಹೆಸರು, ಗದ್ದೆಯಲ್ಲಿ ಸಿಂಪರಣೆ ಮಾಡುವಾಗ ಚರ್ಮದಿಂದ ಅಥವಾ ಉಸಿರಿನಿಂದ ಸೇರಿದ್ದು, ಆಕಸ್ಮಿಕ ಎಂಬ ಮೂರೂ ಇಲ್ಲದಿದ್ದರೆ ವಿನಯದಿಂದ ಕೇಳಿ ಬರೆಸಿಕೊಳ್ಳಿ. ಕೋಲಿನೆಸ್ಟರೇಸ್ ರಕ್ತ ಪರೀಕ್ಷೆಯ ವರದಿ ಇದ್ದರೆ ಅದನ್ನೂ, ಅಂಗಡಿಯ ಬಿಲ್ಲನ್ನೂ ಜೊತೆಗಿಡಿ. ಬಿಲ್ಲು ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ದುರದೃಷ್ಟಕ್ಕೆ ಸಾವೇ ಆದರೆ, ಆಸ್ಪತ್ರೆಯವರು ತುಂಬುವ ನಮೂನೆ 4ರಲ್ಲಿ ಸಾವು ಸಹಜವೋ, ಅಪಘಾತವೋ, ಆತ್ಮಹತ್ಯೆಯೋ, ಗಾಯ ಹೇಗಾಯಿತು ಎಂಬ ಕಾಲಂಗಳಿವೆ. ಅಳುವಿನ ನಡುವೆ ಅದನ್ನು ನೋಡಲು ಮನೆಯವರಿಗಾಗದು. ನೆರೆಯವರು ಯಾರಾದರೂ ನೋಡಬೇಕು.

ಇನ್ನು ಗದ್ದೆಯ ಯಜಮಾನರಿಗೆ ಒಂದು ಮಾತು. ಮೇಲೆ ಹೇಳಿದ್ದೆಲ್ಲ ನಡೆಯದಿರುವುದಕ್ಕೆ ವೈದ್ಯರಾಗಲಿ ಗುಮಾಸ್ತರಾಗಲಿ ಮುಖ್ಯ ಕಾರಣರಲ್ಲ. ಆಳಿನ ಜೊತೆ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ಮಾತನಾಡುವವರು ನಾವು. ಬಿಸಿಲು, ಪಿತ್ತ, ಊಟ ಎಂದು ಹೇಳಿಕೊಡುವವರು ನಾವು. ರೇಷ್ಮೆ ಹುಳು ಸತ್ತಾಗ ಕೇಳುವ ಪ್ರಶ್ನೆ ನಮ್ಮ ಗದ್ದೆಗೇ ತಿರುಗುತ್ತದೆಂದು ಆಗ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆ ಅರ್ಜಿ ವಾಪಸು ಬಂದ ಮೇಲೆ ನಾನೊಬ್ಬನೇ ಆ ನರ್ಸಿಂಗ್ ಹೋಮಿಗೆ ಹೋದೆ. ಅಂದು ನಾನು ಹೇಳಿದ್ದು ಸುಳ್ಳು, ಆತ ಸಿಂಪರಣೆ ಮಾಡುತ್ತಿದ್ದರು, ಚೀಟಿ ತಿದ್ದಿಕೊಡಿ ಎಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಒಳಗೆ ಹೋಗಿ ಕೇಳಿ ಬಂದಳು. ಮುಚ್ಚಿದ ಕೇಸು ಶೀಟು ತಿದ್ದಲು ಬರುವುದಿಲ್ಲವಂತೆ ಎಂದಳು. ಆತ ಈಗಲೂ ನಮ್ಮ ಮನೆಗೆ ನಾಟಿಗೆ, ಕುಯ್ಲಿಗೆ ಬರುತ್ತಾರೆ. ಪಂಪು ಮುಟ್ಟುವುದಿಲ್ಲ. ಆ ಎರಡು ಚೀಟಿಗಳು ನನ್ನ ಪಹಣಿ ಕಾಗದಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿವೆ.